ಹಳ್ಳಿಗಾಡಿನಲ್ಲಿ ಆರೋಗ್ಯ ಕಾರ್ಯಕರ್ತರನ್ನು ಉಳಿಸಿಕೊಳ್ಳುವುದು
(ಹೈದರಾಬಾದಿನ ಕುಷಾಯಿಗೂಡದ ಕನ್ನಡಿಗರ ಸಭೆಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಕುಷಾಯಿಗೂಡದಂತಹ ನಗರ ಪ್ರದೇಶದಲ್ಲಿ ಜ್ವರ ಬಂದವನಿಗೆ ವೈದ್ಯರ ನೆರವು ಹತ್ತಿರದಲ್ಲಿಯೇ ದೊರೆಯುತ್ತದೆ. ಕುಗ್ರಾಮಗಳ ಸ್ಥಿತಿ ಬೇರೆ. ಅಲ್ಲಿ ಆರೋಗ್ಯ ಕೇಂದ್ರದ ಕಟ್ಟಡವನ್ನು ನಿರ್ಮಿಸುವುದು ಸುಲಭ. ನುರಿತ ವೈದ್ಯರೂ ದಾದಿಯರೂ ಅದರಲ್ಲಿ ನೆಲೆಸುವಂತೆ ಮಾಡುವುದು ಕಠಿಣ.

ಇದಕ್ಕೆ ಸಂಬಳವೊಂದೇ ಕಾರಣವೆಂದು ಭಾವಿಸಲಾಗದು. ವಾಸಯೋಗ್ಯ ವಸತಿಗೃಹವಿಲ್ಲದಿರುವುದು, ಮಕ್ಕಳ ಶಾಲೆ ದೂರವಿರುವುದು, ರಾತ್ರಿವೇಳೆ ಹೆರಿಗೆಗೆಂದು ಹೋಗುವ ದಾದಿಗೆ ಜೊತೆಯಿಲ್ಲದಿರುವುದು, ಇವು ಮೇಲ್ನೋಟಕ್ಕೆ ಚಿಕ್ಕ ಸಂಗತಿಗಳು. ಆದರೆ ವರ್ಗಾವಣೆಯ ಅರ್ಜಿ ಸಿದ್ಧವಾಗುವುದು ಇವುಗಳಿಂದಲೇ. ವೈದ್ಯ ವ್ಯಾಸಂಗ ಮುಗಿಸಿದವರಿಗೆ ಸೇವೆಯನ್ನು ಕಡ್ಡಾಯಗೊಳಿಸುವ ಕಾಯಿದೆಯನ್ನು ಕರ್ನಾಟಕವು 2012ರಲ್ಲಿ ರೂಪಿಸಿತು. ಕಾಯಿದೆಯು ವೈದ್ಯರನ್ನು ಹಳ್ಳಿಗೆ ಕಳುಹಿಸಬಲ್ಲದು, ಅವಧಿ ಮುಗಿದ ಮೇಲೆ ಉಳಿಸಲಾರದು.

ಈ ದೃಷ್ಟಿಯಿಂದ ಬಿಳಿಗಿರಿರಂಗನ ಬೆಟ್ಟದ ಅನುಭವ ಗಮನಾರ್ಹವಾದುದು. ಡಾ. ಎಚ್. ಸುದರ್ಶನ್ ಅವರು ಅಲ್ಲಿನ ಸೋಲಿಗರ ನಡುವೆ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಹೊರಗಿನ ದಾದಿಯರು ಕಾಡಿನ ಪೋಡುಗಳಲ್ಲಿ ನಿಲ್ಲುವುದು ಕಷ್ಟವೆಂಬುದನ್ನು ಅರಿತು, ಸೋಲಿಗ ಹೆಣ್ಣುಮಕ್ಕಳಿಗೇ ಸಹಾಯಕ ದಾದಿಯರ ತರಬೇತಿಯನ್ನು ನೀಡಲಾಯಿತು. ಅವರಿಗೆ ಪೋಡಿನ ದಾರಿ ಗೊತ್ತು, ಮಾತು ಗೊತ್ತು. ಕುಕ್ಕರಗಾಲಿನಲ್ಲಿ ಕುಳಿತು ಹೆರುವ ಅಲ್ಲಿನ ಪದ್ಧತಿಯೂ ಹೊಸದಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅವರಿಗೆ ಅದು ದೂರದ ಊರಲ್ಲ, ಸ್ವಂತ ಮನೆ. ಪರೀಕ್ಷೆಯ ಅಂಕಗಳನ್ನಷ್ಟೇ ನೋಡಿ ಅಭ್ಯರ್ಥಿಗಳನ್ನು ಆರಿಸುವ ಕ್ರಮದಲ್ಲಿ ಇಂತಹ ಅರ್ಹತೆಗೆ ಎಡೆಯೇ ಇಲ್ಲವೆಂಬುದು ವಿಷಾದನೀಯ.

1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರವು ಡಾ. ಸುದರ್ಶನ್ ಅವರದೇ ಕರುಣಾ ಟ್ರಸ್ಟ್‌ಗೆ ವಹಿಸಿತು. ಸಿಬ್ಬಂದಿಯು ಕೇಂದ್ರ ಇರುವಲ್ಲಿಯೇ ವಾಸಿಸಬೇಕೆಂಬುದಕ್ಕೆ ಟ್ರಸ್ಟ್ ಒತ್ತು ನೀಡಿತು. ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಹೊರತಂದ ಶಿಫಾರಸುಗಳಲ್ಲಿಯೂ ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳ ಆಯ್ಕೆಗೆ ಮೊದಲ ಸ್ಥಾನವಿದೆ. ವಸತಿ, ಸುರಕ್ಷತೆ, ಮುಂದಿನ ವ್ಯಾಸಂಗದ ಅವಕಾಶ, ಭತ್ಯೆ ಇವುಗಳ ಪ್ರಸ್ತಾಪವೂ ಅಲ್ಲಿದೆ. ಒಂದನ್ನು ಮಾತ್ರ ಕೊಟ್ಟು ಉಳಿದವನ್ನು ಮರೆತರೆ ಫಲ ದೊರೆಯದು.

ಜನತೆ ಮಾಡಬಹುದಾದ ಕೆಲಸವೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ತಾವು ಊರಿಗೆ ಹೋದಾಗ ಆ ಸಮಿತಿಯ ಸದಸ್ಯರನ್ನು ಕಂಡು, ದಾದಿಯ ವಸತಿಗೃಹಕ್ಕೆ ನೀರು, ದೀಪ, ಭದ್ರವಾದ ಬಾಗಿಲು ಇವೆಯೇ ಎಂದು ವಿಚಾರಿಸಬಹುದು. ಹತ್ತನೆಯ ತರಗತಿ ಮುಗಿಸಿದ ಊರಿನ ಹೆಣ್ಣುಮಗಳಿಗೆ ಶುಶ್ರೂಷಾ ಶಿಕ್ಷಣದ ದಾರಿಯನ್ನು ತಿಳಿಸಬಹುದು.