ಅರ್ಧ ಅಂಗಳ ಸಾಕು, ಎದ್ದು ಬನ್ನಿ

ಹೊಸಹಳ್ಳಿಯ ಹುಡುಗರೇ, ಹುಡುಗಿಯರೇ, ಶಾಲೆ ಬಿಟ್ಟ ಕೂಡಲೇ ಬಯಲಲ್ಲಿ ಕಬಡ್ಡಿಗೆ ಗೆರೆ ಎಳೆಯುವವರೇ, ಐವತ್ತು ನೂರು ಕೂಡಿಸಿ ವಾಲಿಬಾಲ್ ನೆಟ್ ತರುವವರೇ, ನಿಮ್ಮನ್ನು ಒಂದು ಮಾತು ಕೇಳಬೇಕು. ಬ್ಯಾಸ್ಕೆಟ್‌ಬಾಲ್ ನಮ್ಮ ಆಟವಲ್ಲ ಎಂದು ನಿಮಗೆ ಹೇಳಿದವರು ಯಾರು? ಅದು ಬೆಂಗಳೂರಿನ ಕಾನ್ವೆಂಟ್ ಮಕ್ಕಳದು, ಆರೂವರೆ ಅಡಿ ಆಳುಗಳದು, ಅಮೆರಿಕದವರದು ಎಂದು ತೀರ್ಪು ಕೊಟ್ಟವರು ಯಾರು? ಯಾರೂ ಕೊಟ್ಟಿಲ್ಲ. ನಮಗೆ ನಾವೇ ಕೊಟ್ಟುಕೊಂಡಿದ್ದೇವೆ.

1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಎರಡು ಹಣ್ಣಿನ ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ಕೂರಿಸಿ, ಕಾಲ್ಚೆಂಡು ಕೈಗೆ ಕೊಟ್ಟು, ಹದಿಮೂರು ನಿಯಮ ಬರೆದು ಶುರು ಮಾಡಿದ ಆಟ ಇದು. ಬುಟ್ಟಿಯಿಂದ ಹುಟ್ಟಿದ ಆಟ ಹಳ್ಳಿಗೆ ಹೊರಗಿನದು ಹೇಗಾದೀತು?

2017ರ ಜುಲೈ ನೆನೆಯಿರಿ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಮಹಿಳೆಯರ ಬಿ ವಿಭಾಗದ ಫೈನಲ್. ಎದುರಿಗೆ ಕಜಕಿಸ್ತಾನ. ನಮ್ಮ ಕರ್ನಾಟಕದ ನವನೀತಾ ಇದ್ದ ಭಾರತ ತಂಡ 75-73ರಲ್ಲಿ ಗೆದ್ದು ಎ ವಿಭಾಗಕ್ಕೆ ಏರಿತು. ಎರಡೇ ಅಂಕ! ಎರಡು ವರ್ಷದ ನಂತರ, 2019ರಲ್ಲಿ, ಅದೇ ಅಂಗಳದಲ್ಲಿ ಜಪಾನ್, ಚೀನಾ, ಕೊರಿಯಾ ಬಂದಿಳಿದಾಗ ನಾವು ಒಂದೂ ಪಂದ್ಯ ಗೆಲ್ಲಲಾಗದೆ ಕೊನೆಯ ಸ್ಥಾನದಲ್ಲಿ ಉಳಿದೆವು. ಗೆದ್ದದ್ದನ್ನು ಹೇಳಿ ಸೋತದ್ದನ್ನು ಮುಚ್ಚಿಡುವುದು ನಿಮ್ಮಂಥವರಿಗೆ ಮಾಡುವ ಮೋಸ. ಸೋತೆವು. ಆದರೆ ಆ ಕಪ್ ಎತ್ತಿಕೊಂಡು ಹೋದವರು ಯಾರು, ಹೇಗಿದ್ದರು ಎಂಬುದನ್ನು ನೋಡಿದಿರಾ?

ಜಪಾನಿನ ಹೆಣ್ಣುಮಕ್ಕಳು. ಎತ್ತರದಲ್ಲಿ ದೊಡ್ಡ ತಂಡಗಳ ಮುಂದೆ ಗಿಡ್ಡರು. ಅದೇ ದೇಶದ ತಂಡ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಫೈನಲ್ ತಲುಪಿ, ಅಮೆರಿಕದ ವಿರುದ್ಧ 75-90ರಲ್ಲಿ ಸೋತು ಬೆಳ್ಳಿ ಗೆದ್ದಿತು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ರುಯಿ ಮಚಿಡಾ ಎಂಬ ಆಟಗಾರ್ತಿ ಜೊತೆಗಾರ್ತಿಯರಿಗೆ ಬುಟ್ಟಿ ಹಾಕಲು ಹದಿನೆಂಟು ಸಲ ಚೆಂಡು ಒದಗಿಸಿ ಒಲಿಂಪಿಕ್ ದಾಖಲೆ ಬರೆದಳು. ಅವಳ ಎತ್ತರ 162 ಸೆಂಟಿಮೀಟರ್. ನಮ್ಮೂರ ಪ್ರೌಢಶಾಲೆಯ ಪ್ರಾರ್ಥನೆ ಸಾಲಿನಲ್ಲಿ ಅಷ್ಟು ಎತ್ತರದ ಹುಡುಗಿಯರು ಎಷ್ಟು ಮಂದಿ ಇಲ್ಲ? ಮರುವರ್ಷ ಅವಳು ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ವಾಷಿಂಗ್ಟನ್ ತಂಡಕ್ಕೆ ಆಡಿದಳು. ಅವಳನ್ನು ಅಲ್ಲಿಗೆ ಕೊಂಡೊಯ್ದದ್ದು ಎತ್ತರವಲ್ಲ, ಕಣ್ಣು. ಯಾರು ಎಲ್ಲಿ ಓಡಲಿದ್ದಾರೆ ಎಂದು ಅರ್ಧ ಕ್ಷಣ ಮೊದಲೇ ಕಾಣುವ ಕಣ್ಣು.

ಭಾರತೀಯರು ಹೊರದೇಶದಲ್ಲಿ ಆಡಿಲ್ಲವೇ? ಆಡಿದ್ದಾರೆ. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗ್‌ನ ತಂಡಗಳು ಅವರನ್ನು ಆಯ್ಕೆ ಪರೀಕ್ಷೆಗೆ ಕರೆದವು. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಆಟದ ಬಲದಿಂದಲೇ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಸೇರಿ ಅಲ್ಲಿನ ತಂಡದಲ್ಲಿ ಆಡಿದರು. ಇನ್ನು ಪಂಜಾಬಿನ ಬಲ್ಲೋಕೆ ಎಂಬ ಸಣ್ಣ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್. ಲುಧಿಯಾನದ ಅಕಾಡೆಮಿಯಲ್ಲಿ ಕಲಿತು, ಹದಿನಾಲ್ಕರ ವಯಸ್ಸಿಗೇ ಫ್ಲಾರಿಡಾಕ್ಕೆ ಹೋಗಿ, 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿಕೊಂಡಾಗ, ಅಮೆರಿಕದ ಪುರುಷರ ವೃತ್ತಿಪರ ಲೀಗ್ ಎನ್‌ಬಿಎಯ ಆಯ್ಕೆ ಪಟ್ಟಿಗೆ ಸೇರಿದ ಮೊದಲ ಭಾರತೀಯನಾದ. ಅವನ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಚಪ್ಪಾಳೆ ಹೊಡೆಯುವವರು ಬಹಳ. ನಾನು ನಿಲ್ಲಿಸುವುದಿಲ್ಲ. ಅವನಿಗೆ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲು ಸಿಗಲಿಲ್ಲ. ಮುಂದೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧವೂ ಆಯಿತು. ಏಳಡಿ ದಾಟಿದ ದೇಹವೊಂದೇ ಸಾಲದು, ಅಡ್ಡದಾರಿಗೆ ಕ್ಷಮೆಯಿಲ್ಲ. ಇದನ್ನೂ ತಿಳಿದೇ ಅಂಗಳಕ್ಕೆ ಇಳಿಯಿರಿ.

ಹಾಗಾದರೆ ಏನು ಬೇಕು? ಚೆಂಡು ಅಂಗೈಗೆ ತಾಗದೆ ಬೆರಳ ತುದಿಗಳ ಮೇಲೆ ನಿಲ್ಲಬೇಕು. ಮೊಣಕೈ ಚೆಂಡಿನ ನೇರ ಕೆಳಗಿರಬೇಕು. ಶಕ್ತಿ ಮಂಡಿಗಳಿಂದ ಏಳಬೇಕು, ತೋಳಿನಿಂದಲ್ಲ. ಚೆಂಡು ಬಿಟ್ಟ ಮೇಲೂ ಮಣಿಕಟ್ಟು ಬಾಗಿ, ಬೆರಳು ರಿಂಗನ್ನೇ ನೋಡುತ್ತಿರಬೇಕು. ಇದನ್ನು ದಿನಕ್ಕೆ ನೂರು ಸಲ, ವರ್ಷಗಟ್ಟಲೆ, ಚಪ್ಪಾಳೆ ತಟ್ಟುವವರು ಯಾರೂ ಇಲ್ಲದಾಗಲೂ, ಬಿಸಿಲಲ್ಲೂ ಜಿಟಿಜಿಟಿ ಮಳೆಯಲ್ಲೂ, ತೋಳು ಸೋತು ಮನಸ್ಸು ಬೇಸತ್ತು ಗೆಳೆಯರು ಮೊಬೈಲ್ ಹಿಡಿದು ಕಟ್ಟೆಗೆ ಕರೆಯುವಾಗಲೂ ಮಾಡಬೇಕು. ಅಷ್ಟೇ. ಅದೇ ಕಷ್ಟ.

ಶೇಂಗಾ ಕಿತ್ತು, ಮೆಕ್ಕೆಜೋಳ ಮುರಿದು, ಕೊಡ ಹೊತ್ತು ಬೆಳೆದ ಮೈ ನಿಮ್ಮದು. ದುಡಿಮೆ ನಿಮಗೆ ಹೊಸದೇ? ಬರವನ್ನು ಕಂಡ ನಾಡು ನಮ್ಮದು; ಸೋತ ವರ್ಷದ ಮರುವರ್ಷ ಮತ್ತೆ ಬಿತ್ತುವ ಜನ ನಾವು. ಈ ತಾಳ್ಮೆಗೆ ಇನ್ನೂ ಯಾರೂ ಚೆಂಡು ಕೊಟ್ಟು ನೋಡಿಲ್ಲ.

ಪೂರ್ತಿ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಷ್ಟು ಜಾಗಕ್ಕೆ, ಅಷ್ಟು ಸಿಮೆಂಟಿಗೆ ಎಲ್ಲಿಗೆ ಹೋಗೋಣ ಎನ್ನುವಿರಾ? ಹಾಗಾದರೆ ತ್ರೀ ಬೈ ತ್ರೀ ಆಡಿ. ಒಂದೇ ರಿಂಗು, ಅರ್ಧ ಅಂಗಳ, ತಂಡಕ್ಕೆ ಆಡುವವರು ಮೂವರು, ಬದಲಿಯಾಗಿ ಕಾಯುವವರು ಒಬ್ಬರು. ಹತ್ತು ನಿಮಿಷ ಇಲ್ಲವೇ 21 ಅಂಕ, ಯಾವುದು ಮೊದಲೋ ಅದು. ಟೋಕಿಯೊದಿಂದ ಇದೂ ಒಲಿಂಪಿಕ್ ಆಟ. ಅಲ್ಲಿ ಪುರುಷರ ಮೊದಲ ಚಿನ್ನ ಗೆದ್ದದ್ದು ಲಾಟ್ವಿಯಾ, ಇಪ್ಪತ್ತು ಲಕ್ಷ ಜನರೂ ಇಲ್ಲದ ದೇಶ. ಆರು ಕೋಟಿ ದಾಟಿದ ಕರ್ನಾಟಕಕ್ಕೆ ನಾಲ್ವರು ಸಿಗುವುದಿಲ್ಲವೇ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ನಾಲ್ವರು ಸಿಗುವುದಿಲ್ಲವೇ?

ದಾರಿಯೂ ಇದೆ. ಶಾಲಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲೇರುತ್ತದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಬೆಂಗಳೂರಿನ ವಿದ್ಯಾನಗರ, ಮೈಸೂರಿನಂಥ ಕಡೆ ಊಟ, ವಸತಿ, ತರಬೇತಿ ಕೊಟ್ಟು ಬ್ಯಾಸ್ಕೆಟ್‌ಬಾಲ್ ಮಕ್ಕಳನ್ನು ಬೆಳೆಸುತ್ತದೆ. ಅಪ್ಪ ಅಮ್ಮ ಗುಳೆ ಹೋದ ಮನೆಯ ಮಗಳಿಗೆ ಇದು ಎಷ್ಟು ದೊಡ್ಡ ಆಸರೆ ಎಂದು ಗುಳೆ ಕಂಡವರಿಗೇ ಗೊತ್ತು. ಆಮೇಲೆ ರೈಲ್ವೆಯ ಕ್ರೀಡಾ ಕೋಟಾ ಇದೆ, ದೇಶದ ತಂಡವಿದೆ, ಹೊರದೇಶದ ಕ್ಲಬ್ಬುಗಳಿವೆ. ಎಲ್ಲರೂ ಕೊನೆ ಮೆಟ್ಟಿಲು ಮುಟ್ಟುವುದಿಲ್ಲ. ಮೊದಲ ಮೆಟ್ಟಿಲೇ ಊರಲ್ಲಿ ಇಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ.

ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನ ಬಂತು, ನೌಕರಿ ಕೇಳಿದೆವು, ಕಾಲೇಜು ಸೀಟು ಕೇಳಿದೆವು. ಸರಿ. 2021ರಲ್ಲಿ ವಿಜಯನಗರ ಜಿಲ್ಲೆ ಬಂತು, ಕಚೇರಿಗಳನ್ನು ಕೇಳಿದೆವು. ಅದೂ ಸರಿ. ಮಕ್ಕಳಿಗೊಂದು ಆಟದ ಅಂಗಳ ಕೇಳಿದೆವೇ? ರಾಜ್ಯದ ಎಷ್ಟೋ ಗ್ರಾಮ ಪಂಚಾಯ್ತಿಗಳು ನರೇಗಾದಲ್ಲೇ ಶಾಲಾ ಮೈದಾನ ಮಾಡಿಕೊಂಡವು. ಕೇಳಿದವರಿಗೆ ಸಿಕ್ಕಿತು. ದೊಡ್ಡವರು ಕೇಳಲಿಲ್ಲ, ಈಗ ನೀವು ಕೇಳಬೇಕು. ಈ ನೆಲದ ಋಣ ತೀರಿಸುವುದೆಂದರೆ ನಿಮ್ಮ ಹಿಂದೆ ಬರುವ ತಮ್ಮ ತಂಗಿಯರಿಗೆ ಒಂದು ಅಂಗಳ ಬಿಟ್ಟುಹೋಗುವುದೂ ಹೌದು.

ಬರುವ ಗ್ರಾಮಸಭೆಗೆ ಹೋಗಿ. ಒಬ್ಬೊಬ್ಬರೇ ಬೇಡ, ಗುಂಪಾಗಿ ಹೋಗಿ. ಹುಡುಗಿಯರು ಮುಂದೆ ನಿಲ್ಲಿ. 15 ಮೀಟರ್ ಅಗಲ, 11 ಮೀಟರ್ ಉದ್ದದ ಸಮತಟ್ಟು ಸಿಮೆಂಟ್ ಅಂಗಳ, 3.05 ಮೀಟರ್ ಎತ್ತರದಲ್ಲಿ ಒಂದು ರಿಂಗು, ಸಂಜೆಗೆ ಎರಡು ದೀಪ ಬೇಕೆಂದು ಅರ್ಜಿ ಬರೆದು ಕೊಡಿ. ನಡಾವಳಿಯಲ್ಲಿ ಬರೆಸಿ. ಸ್ವೀಕೃತಿ ಇಸಿದುಕೊಳ್ಳದೆ ಎದ್ದು ಬರಬೇಡಿ.