ನಂಜನಗೂಡಿನ ಕಾಳಗ ಮತ್ತು ದಾರಿ ತಪ್ಪಿಸಿದ ಕಾಗದ

ಒಂದೇ ರಾಜ್ಯದವರು ಎರಡು ಪಾಳೆಯಗಳಾಗಿ ಕಾದಾಡುವುದು ಅಂತರ್ಯುದ್ಧವೆನ್ನುವುದಾದರೆ, 1760ರ ಆಗಸ್ಟ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಹೊತ್ತಿಕೊಂಡು ಮರುವರ್ಷದವರೆಗೆ ಉರಿದ ಕಲಹಕ್ಕೆ ಆ ಹೆಸರು ಸಲ್ಲುತ್ತದೆ. ಒಂದು ಕಡೆ ಹೈದರಾಲಿಯಿದ್ದ. ಎದುರಿಗೆ ಅವನ ಆಶ್ರಯದಲ್ಲೇ ಬೆಳೆದ ಖಂಡೇರಾಯ, ಅವನ ಬೆನ್ನಿಗೆ ಅಧಿಕಾರ ಕಳೆದುಕೊಂಡ ಅರಮನೆ.

ಆ ಕಾಲದಲ್ಲಿ ಸುದ್ದಿ ಸಾಗುತ್ತಿದ್ದದ್ದು ಕಾಲ್ನಡಿಗೆಯ ಅಂಚೆಯವರಿಂದ ಮತ್ತು ಹರಿಕಾರರಿಂದ, ಎಂದರೆ ಓಲೆ ಒಯ್ಯುವುದರ ಜೊತೆಗೆ ಗೂಢಚರ್ಯೆಯನ್ನೂ ಮಾಡುತ್ತಿದ್ದ ಆಳುಗಳಿಂದ. ಚಿಕ್ಕದೇವರಾಜ ಒಡೆಯರು (1673–1704) ಏರ್ಪಡಿಸಿದ ಅಂಚೆಯಲ್ಲಿ ಅಧಿಕಾರಿಗಳು ಕಾಗದ ಸಾಗಿಸುವುದಷ್ಟೇ ಅಲ್ಲದೆ ತಮ್ಮ ಸೀಮೆಯ ಗುಟ್ಟುಗಳನ್ನೂ ಅರಸರಿಗೆ ತಿಳಿಸಬೇಕಿತ್ತು. ಶ್ರೀರಂಗಪಟ್ಟಣದಿಂದ ನಂಜನಗೂಡಿಗೆ ಸುಮಾರು 40 ಕಿಲೋಮೀಟರ್ ದಾರಿ. 

ದೂರದ ಸಮುದ್ರವೂ ಈ ಕಲಹದಿಂದ ಹೊರಗಿರಲಿಲ್ಲ. ಹೈದರನ ದೊಡ್ಡ ಪಡೆಯೊಂದು ಮಖ್ದೂಮ್ ಅಲಿಯ ನಾಯಕತ್ವದಲ್ಲಿ ಫ್ರೆಂಚರ ನೆರವಿಗೆಂದು ಪುದುಚೇರಿಯ ಕಡೆ ಹೋಗಿದ್ದಾಗಲೇ ಖಂಡೇರಾಯ ಅವನ ಮೇಲೆ ತಿರುಗಿಬಿದ್ದದ್ದು. ಆ ಪಡೆ ಹಿಂದಿರುಗಿದ ಮೇಲೆ ಪುದುಚೇರಿ ಒಂಟಿಯಾಯಿತು. 1761ರ ಜನವರಿ 1ರ ಬಿರುಗಾಳಿ ಅದನ್ನು ಕಡಲಿನಿಂದ ಮುತ್ತಿದ್ದ ಇಂಗ್ಲಿಷರ ಹಲವು ಹಡಗುಗಳನ್ನು ಮುಳುಗಿಸಿದರೂ, ಆ ತಿಂಗಳ ನಡುವೆ ಪಟ್ಟಣ ಶರಣಾಯಿತು. ಅದೇ ಜನವರಿ 14ರಂದು ಪಾಣಿಪತ್ತಿನಲ್ಲಿ ಮರಾಠರು ಸೋತಿದ್ದರು. ಖಂಡೇರಾಯನಿಗೆ ನೆರವಾಗಿದ್ದ ಮರಾಠರ ಸೇನೆ ಹೈದರನೊಡನೆ ಸುಲಭವಾಗಿ ಒಪ್ಪಂದ ಮಾಡಿಕೊಂಡು ಹೊರಟುಹೋದದ್ದಕ್ಕೆ ಆ ವಾರ್ತೆಯೇ ಕಾರಣವೆಂದು ಇತಿಹಾಸಕಾರ ಕರ್ನಲ್ ವಿಲ್ಕ್ಸ್ ಊಹಿಸುತ್ತಾನೆ.

ಆದರೂ ನಂಜನಗೂಡಿನ ಬಳಿಯ ಕಾಳಗದಲ್ಲಿ ಗೆದ್ದವನು ಖಂಡೇರಾಯನೇ. ಸೋತ ಹೈದರ್ ನೇರವಾಗಿ ಹೋದದ್ದು ನಂಜರಾಜನ ಮನೆಬಾಗಿಲಿಗೆ. ನಂಜನಗೂಡಿಗೆ ಹತ್ತಿರದ ಕಳಲೆಯ ದಳವಾಯಿ ಮನೆತನದ ಈ ನಂಜರಾಜನೇ ಹಿಂದೆ ಹೈದರನನ್ನು ಮೇಲೆತ್ತಿದವನು, ಅನಂತರ ಅವನಿಂದಲೇ ಅಧಿಕಾರ ಕಳೆದುಕೊಂಡವನು. ಆದರೂ ಕ್ಷಮಿಸಿ ತನ್ನ ಹೆಸರನ್ನೂ ಅಳಿದುಳಿದ ಜನಬಲವನ್ನೂ ಅವನಿಗೆ ಕೊಟ್ಟ. ಔದಾರ್ಯಕ್ಕಿಂತ ಮರಳಿ ಅಧಿಕಾರ ಸಿಕ್ಕೀತೆಂಬ ಆಸೆಯೇ ಅದಕ್ಕೆ ಹೆಚ್ಚು ಕಾರಣವಿದ್ದಿರಬೇಕು.

ಮುಂದೆ ಹುಣಸೂರು ಸೀಮೆಯ ಕಟ್ಟೆಮಳಲವಾಡಿಯಲ್ಲಿ ಹೈದರ್ ಕತ್ತಿ ಬಿಟ್ಟು ಲೇಖನಿ ಹಿಡಿದ. ಖಂಡೇರಾಯನನ್ನು ಮಾತು ಕೊಟ್ಟಂತೆ ಹಿಡಿದೊಪ್ಪಿಸಬೇಕೆಂದು ಅವನ ಸೇನಾನಾಯಕರಿಗೆ ನಂಜರಾಜನ ಹೆಸರಿನಲ್ಲಿ ಸುಳ್ಳು ಕಾಗದಗಳನ್ನು ಬರೆಸಿ, ಅವನ್ನು ಒಯ್ದವನು ಖಂಡೇರಾಯನ ಕೈಗೇ ಸಿಕ್ಕುವಂತೆ ಹೂಡಿದ. ಲೆಕ್ಕಪತ್ರದಲ್ಲಿ ನುರಿತಿದ್ದ ಖಂಡೇರಾಯ ಕಾಗದವನ್ನು ಶಂಕಿಸದೆ ತನ್ನವರನ್ನೇ ಶಂಕಿಸಿ ಶ್ರೀರಂಗಪಟ್ಟಣಕ್ಕೆ ಕುದುರೆ ಓಡಿಸಿದ. ನಾಯಕನಿಲ್ಲದ ಸೇನೆ ಚದುರಿಹೋಯಿತು. 1761ರಲ್ಲೇ ರಾಜಧಾನಿ ಹೈದರನ ವಶವಾಗಿ, ಖಂಡೇರಾಯ ಪಂಜರ ಸೇರಿದ. ಯಾರ ಹೆಸರಿನಲ್ಲಿ ಆ ಕಾಗದಗಳು ಹೊರಟಿದ್ದವೋ ಆ ನಂಜರಾಜನಿಗೆ ಅಧಿಕಾರ ಮರಳಲಿಲ್ಲ.