ವಾರಂಟಿ ಪುಸ್ತಕದ ಗಡಿ



ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಗಿರಣಿ ಕೆಲಸ ಬಿಟ್ಟು ಬಾಡಿಗೆ ಕಾರು ಹಿಡಿದವರು ನಮ್ಮಲ್ಲಿ ಹಲವರಿದ್ದೀರಿ. ಅದಕ್ಕೇ ಇಂದು ಕಾರಿನ ಜೊತೆ ಕೊಡುವ ವಾರಂಟಿ ಪುಸ್ತಕದ ವಿಷಯ ಎರಡು ಮಾತು ಹೇಳುತ್ತೇನೆ.

ಕಳೆದ ವರ್ಷ ನಮ್ಮ ಸಂಘದ ಚಾಲಕರೊಬ್ಬರ ಸಂಗಡ ವರ್ಕ್‌ಶಾಪಿಗೆ ಹೋಗಿದ್ದೆ. ಸಾಲದ ಕಾರು, ಎರಡು ವರ್ಷವೂ ತುಂಬಿರಲಿಲ್ಲ, ಗೇರ್ ಬಾಕ್ಸ್ ಕೆಟ್ಟಿತ್ತು. ಅಲ್ಲಿಯವರು ಎರಡು ಮಾತು ಹೇಳಿದರು. ಒಂದು: "ವರ್ಷ ಮುಗಿದಿಲ್ಲ, ಆದರೆ ಕಿಲೋಮೀಟರ್ ಮುಗಿದಿದೆ." ಇನ್ನೊಂದು: "ನೀವು ಬಾಡಿಗೆಗೆ ಓಡಿಸುವವರು, ನೀವು ಗ್ರಾಹಕರೇ ಅಲ್ಲ." ಮೊದಲನೆಯ ಮಾತು ನಿಜ. ಎರಡನೆಯದು ಸುಳ್ಳು. ಈ ವ್ಯತ್ಯಾಸವನ್ನು ನಾವು ಅರಿಯಬೇಕು.

ವಾರಂಟಿ ಎಂದರೆ ಗಡಿ ಹಾಕಿದ ವಾಗ್ದಾನ. ವರ್ಷ, ಕಿಲೋಮೀಟರ್ ಇವೆರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಗೆ ಅದು ಮುಗಿಯಿತು. ಹಗಲೂ ರಾತ್ರಿ ಓಡುವ ಬಾಡಿಗೆ ಕಾರಿಗೆ ಕಿಲೋಮೀಟರೇ ಮೊದಲು ಮುಗಿಯುತ್ತದೆ. ಕ್ಲಚ್ ಪ್ಲೇಟ್, ಬ್ರೇಕ್ ಲೈನಿಂಗ್ ಮುಂತಾದ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಟೈರು, ಬ್ಯಾಟರಿಗಳ ಹೊಣೆ ಹೆಚ್ಚಾಗಿ ಅವುಗಳನ್ನು ತಯಾರಿಸಿದವರದು. ಸರ್ವಿಸ್ ತಪ್ಪಿಸಿದರೆ, ಹೊರಗೆ ವೈರು ಕತ್ತರಿಸಿ ಹಾಡಿನ ಪೆಟ್ಟಿಗೆ ಜೋಡಿಸಿದರೆ, ಅದನ್ನೇ ಕಾರಣವಾಗಿ ತೋರಿಸುತ್ತಾರೆ. ಕಾರು ನಿಂತ ದಿನಗಳ ಕೂಲಿಯನ್ನು ವಾರಂಟಿ ಕೊಡುವುದಿಲ್ಲ.

"ಕಾರನ್ನೇ ಬದಲಾಯಿಸಿ ಕೊಡಿ" ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಮಾರುತಿ ಕಾರೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಇದನ್ನು ವಿಚಾರಿಸಿತು. ವಾರಂಟಿಯ ಷರತ್ತು ಹೇಳುವುದು ಕೆಟ್ಟ ಭಾಗವನ್ನು ಬದಲಾಯಿಸುವುದನ್ನು, ಇಡೀ ಕಾರನ್ನಲ್ಲ ಎಂದಿತು.

ಇನ್ನು ಆ ಸುಳ್ಳು ಮಾತು. ಅದಕ್ಕೆ ಉತ್ತರ ನಮ್ಮ ಕೊಯಮತ್ತೂರಿನ ಪಿ.ಎಸ್.ಜಿ. ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ ಒದಗಿಸಿದ ಯಂತ್ರವೊಂದರ ಮೊಕದ್ದಮೆಯಲ್ಲೇ ಇದೆ. 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೀರ್ಮಾನಿಸಿತು. ದೊಡ್ಡ ಪ್ರಮಾಣದ ಉತ್ಪಾದನೆಗೆ ಯಂತ್ರ ಕೊಂಡ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಗ್ರಾಹಕನಲ್ಲ ಎಂದಿತು. ಆದರೆ ಅದೇ ತೀರ್ಪಿನಲ್ಲಿ, ಹೊಟ್ಟೆಪಾಡಿಗಾಗಿ ತಾನೇ ಓಡಿಸಲು ಆಟೋ ಕೊಂಡವನು ಗ್ರಾಹಕನೇ ಎಂದೂ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಸ್ವಯಂ ಉದ್ಯೋಗದಿಂದ ಬದುಕುವವನನ್ನು ಹೊರಗಿಟ್ಟಿಲ್ಲ. ಹಲವು ಕಾರು ಇಟ್ಟು ಆಳುಗಳಿಂದ ಓಡಿಸುವ ಮಾಲೀಕನ ಮಾತು ಬೇರೆ.

ಹಾಗಾದರೆ ಆ ಸಹೋದರರಿಗೆ ನ್ಯಾಯ ಸಿಕ್ಕಿತೇ? ಇಲ್ಲ. ಗೇರ್ ಬಾಕ್ಸಿನ ಸದ್ದನ್ನು ಅವರು ಕಿಲೋಮೀಟರ್ ಮುಗಿಯುವ ಮೊದಲೇ ಎರಡು ಸಲ ಹೇಳಿದ್ದರು. ಆದರೆ ಹೇಳಿದ್ದೆಲ್ಲ ಬಾಯಿಮಾತು. ಜಾಬ್ ಕಾರ್ಡಿನಲ್ಲಿ "ಸಾಮಾನ್ಯ ಸರ್ವಿಸ್" ಎಂದಷ್ಟೇ ಇತ್ತು. ಕೊನೆಗೆ ಮಗಳ ಕಾಲೇಜಿಗೆಂದು ಕೂಡಿಟ್ಟ ಹಣ ರಿಪೇರಿಗೆ ಹೋಯಿತು.

ಆದ್ದರಿಂದ ನೀವು ಹೇಳಿದ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿರಿ, ಪ್ರತಿ ಕೇಳಿ ಪಡೆಯಿರಿ, ಪ್ರತಿಯೊಂದು ಬಿಲ್ಲನ್ನೂ ಇಟ್ಟುಕೊಳ್ಳಿರಿ. ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿರಿ. ಮೊದಲು 1915ಕ್ಕೆ ಫೋನು ಮಾಡಬಹುದು. ಆಮೇಲೆ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರು ಇರಲೇಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗಾದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಆದರೆ ದೋಷವಿದೆಯೆಂದು ತೋರಿಸುವ ಹೊರೆ ನಮ್ಮದು. ಕಾಗದವಿಲ್ಲದೆ ಅದನ್ನು ಹೊರುವುದು ಕಷ್ಟ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ವಾರಂಟಿ ಪುಸ್ತಕಗಳನ್ನು ತನ್ನಿರಿ. ಇಂಗ್ಲಿಷಿನಲ್ಲಿದ್ದರೂ ಹೆದರಬೇಡಿ. ಒಂದೊಂದು ಪುಟವನ್ನೂ ಒಟ್ಟಿಗೆ ಕೂತು ಓದೋಣ.